ಡ್ಯಾಶ್‌ಬೋರ್ಡಿನಲ್ಲೊಂದು ರಂಧ್ರ

ಮನೆಯ ಗೋಡೆಗೆ ಮೊಳೆ ಹೊಡೆಯುವಾಗ ಯಾರ ಅಪ್ಪಣೆಯನ್ನೂ ಬೇಡದ ಗೃಹಸ್ಥನು, ತನ್ನದೇ ಹೆಸರಿನಲ್ಲಿ ನೋಂದಣಿಯಾದ ಕಾರಿನ ಡ್ಯಾಶ್‌ಬೋರ್ಡಿಗೆ, ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸುವೇ ದೊಡ್ಡದಾದ ರಂಧ್ರವೊಂದನ್ನು ಕೊರೆಯಬೇಕಾಗಿ ಬಂದಾಗ ಮಾತ್ರ, ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಮೊದಲ ಸಲ ಹೊಕ್ಕ ವೈದ್ಯವಿದ್ಯಾರ್ಥಿಯಂತೆ ಕೈ ನಡುಗಿಸಿಕೊಂಡು ನಿಲ್ಲುವುದುಂಟು. ನಾನೂ ಹಾಗೆಯೇ ನಿಂತೆನು. ಕೊರೆಯುವ ಯಂತ್ರ ಕೈಯಲ್ಲಿತ್ತು, ಗುರುತು ಹಾಕಿದ ವೃತ್ತ ಕಣ್ಣೆದುರಿಗಿತ್ತು. ಆದರೂ ಕಾಲು ಗಂಟೆಯ ಕಾಲ ಗಾಡಿಯ ಸುತ್ತ ಸುಮ್ಮನೆ ಪ್ರದಕ್ಷಿಣೆ ಬಂದೆನು. ಆ ರಂಧ್ರದಲ್ಲಿ ಕೂರಬೇಕಾಗಿದ್ದುದಾದರೂ ಏನು? ದೂರವಾಣಿಗೆ ವಿದ್ಯುತ್ತುಣಿಸುವ ಒಂದು ಯುಎಸ್‌ಬಿ ಸಾಕೆಟ್ಟು, ಅಷ್ಟೆ.

ನನ್ನ ಪಾಲಿಗೆ ಬಂದಿರುವ ವಾಹನ 2003ನೆಯ ಇಸವಿಯ ಮಾರುತಿ 800. ಹದಿನೈದು ವರ್ಷದ ನೋಂದಣಿಯನ್ನು ಪೂರೈಸಿ, ಐದೈದು ವರ್ಷಗಳ ನವೀಕರಣದ ಮೇಲೆ ಆಯುಷ್ಯವನ್ನು ಬೆಳೆಸಿಕೊಳ್ಳುತ್ತಿರುವ ಮುದುಕ. 1983ನೆಯ ಡಿಸೆಂಬರ್ 14ರಂದು ಈ ಜಾತಿಯ ಮೊದಲ ಗಾಡಿಯ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಅದರ ಒಡೆಯನ ಕೈಗಿತ್ತಾಗ, ದೇಶದಲ್ಲಿ ಸಂಚಾರಿ ದೂರವಾಣಿಯೆಂಬ ವಸ್ತುವೇ ಇರಲಿಲ್ಲ. ಅದರ ಮೊದಲ ಕರೆ ಹೊರಟದ್ದು 1995ರ ಜುಲೈ 31ರಂದು. ಆದಕಾರಣ, ಚಾಲಕನಿಗೆ ದಾರಿ ತೋರಿಸುವ, ಸುಂಕದ ಕಟ್ಟೆಯ ಲೆಕ್ಕವಿಡುವ, ಹಾಡು ಹೇಳುವ, ಮನೆಯವರ ಕ್ಷೇಮಸಮಾಚಾರವನ್ನು ತರುವ ಒಂದೇ ಉಪಕರಣವು ಗಂಟೆಗಂಟೆಗೂ ವಿದ್ಯುತ್ತಿಗಾಗಿ ಬಾಯಿ ತೆರೆದು ಕೂರುವ ಕಾಲವೊಂದು ಬಂದೀತೆಂದು ಈ ಗಾಡಿಯ ನಿರ್ಮಾಪಕರು ಊಹಿಸಲಿಲ್ಲವೆಂದು ಅವರನ್ನು ದೂರುವುದು ಅನ್ಯಾಯ. ನನ್ನ ಗಾಡಿಯಲ್ಲಿ ಸಿಗರೇಟು ಹಚ್ಚುವ ಲೈಟರು ಸಹ ಇರಲಿಲ್ಲ. ಅದರ ಸ್ಥಾನದಲ್ಲಿ ಒಂದು ಕುರುಡು ಮುಚ್ಚಳವಿತ್ತು. ಬೂದಿತಟ್ಟೆ ಮಾತ್ರ ಯಥಾಸ್ಥಾನದಲ್ಲಿತ್ತು.

ಕಾರಿನ ಒಳಗನ್ನು ತನ್ನ ಅನುಕೂಲಕ್ಕೆ ತಿದ್ದಿಕೊಳ್ಳುವ ಹವ್ಯಾಸ ಕಾರಿನಷ್ಟೇ ಹಳೆಯದಿರಬೇಕು. ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಕಾರಿಗೆ ಜೋಡಿಸಬಹುದಾದ ರೇಡಿಯೊ ಒಂದನ್ನು ತಯಾರಿಸಿ, ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟದ್ದೇ ಮುಂದೆ ಒಂದು ದೊಡ್ಡ ಉದ್ಯಮದ ನಾಮಧೇಯವಾಯಿತು. ನಮ್ಮಲ್ಲಿಯೂ ಅಂಬಾಸಿಡರ್ ಟ್ಯಾಕ್ಸಿಗಳ ಡ್ಯಾಶ್‌ಬೋರ್ಡಿನ ಮೇಲೆ ಗಿರಗಿರನೆ ತಿರುಗುತ್ತಿದ್ದ ಪುಟ್ಟ ಫ್ಯಾನನ್ನೂ, ಬ್ರೇಕು ಒತ್ತಿದೊಡನೆ ಕೆಂಪಗೆ ಬೆಳಗುತ್ತಿದ್ದ ಗಣಪತಿಯನ್ನೂ ಯಾರು ಮರೆತಾರು? ಆ ಗಣಪತಿಗೆ ವಿದ್ಯುತ್ತು ಬರುತ್ತಿದ್ದುದು ಎಲ್ಲಿಂದ, ಎಷ್ಟು, ಯಾವ ರಕ್ಷಣೆಯೊಡನೆ ಎಂದು ಮಾತ್ರ ಭಕ್ತರಾರೂ ಕೇಳಿದವರಲ್ಲ. ನಾನೂ ಕೇಳಿರಲಿಲ್ಲ, ಗುಂಡ್ಯದ ಆ ರಾತ್ರಿಯವರೆಗೆ.

ನಡೆದದ್ದಿಷ್ಟು. ಮಂಗಳೂರಿನ ಕಡೆ ಮದುವೆಯೊಂದಕ್ಕೆ ಹೊರಡುವ ಅವಸರದಲ್ಲಿ, ಬಿಡಿಭಾಗಗಳ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿ, ಒಂದು ಚಾರ್ಜಿಂಗ್ ಸಾಕೆಟ್ಟನ್ನು ಹಾಕಿಕೊಡುವಂತೆ ಕೇಳಿದೆನು. ಹುಡುಗನೊಬ್ಬನು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಹತ್ತು ನಿಮಿಷದಲ್ಲಿ ಹೊರಬಂದು, "ಆಯ್ತು ಸಾರ್" ಎಂದನು. "ಏನೂ ತೊಂದರೆ ಆಗಲ್ಲ ತಾನೆ?" ಎಂದು ನಾನು ಕೇಳಿದ್ದಕ್ಕೆ, "ನೂರು ಗಾಡಿಗೆ ಹಾಕಿದೀನಿ ಸಾರ್, ಒಂದು ಕಂಪ್ಲೇಂಟಿಲ್ಲ" ಎಂಬ ಉತ್ತರ ಬಂತು. ನೂರಾ ಒಂದನೆಯದು ನನ್ನದೆಂಬುದು ಅವನಿಗೂ ತಿಳಿದಿರಲಿಕ್ಕಿಲ್ಲ. ಸಕಲೇಶಪುರ ದಾಟಿ, ಶಿರಾಡಿಯ ಘಾಟಿಯನ್ನಿಳಿದು, ಜಡಿಮಳೆಯಲ್ಲಿ ಗುಂಡ್ಯವನ್ನು ಸಮೀಪಿಸುತ್ತಿದ್ದಂತೆ, ಮೊದಲು ಬೆಲ್ಲದ ಪಾಕ ಸೀದಂತಹ ಕಮಟು, ಅನಂತರ ಪ್ಲಾಸ್ಟಿಕ್ಕು ಬೆಂದ ನಿಸ್ಸಂದಿಗ್ಧವಾದ ದುರ್ವಾಸನೆ, ಅದರ ಬೆನ್ನಿಗೇ ನನ್ನ ಮೊಣಕಾಲಿನ ಬಳಿಯಿಂದ ಎಳೆಯಾದ ಹೊಗೆ. ಕೀಲಿಯನ್ನು ತಿರುಗಿಸಿ ಎಂಜಿನ್ನನ್ನು ಆರಿಸಿದೊಡನೆ ಹೊಗೆ ನಿಂತಿತು. ಹಿಂದಿನ ಆಸನದಲ್ಲಿ ರೇಷ್ಮೆ ಸೀರೆಯುಟ್ಟು ಕುಳಿತಿದ್ದ ಅತ್ತೆಯವರು, "ಏನಪ್ಪಾ, ಕೆಳಗಿಳೀಬೇಕಾ?" ಎಂದು ಕೇಳಿದ ಶಾಂತಸ್ವರವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಸಾಕೆಟ್ಟಿನ ತಂತಿಯನ್ನು ಕೈಗೆ ಸಿಕ್ಕಲ್ಲಿ ಕಿತ್ತು, ಬೆತ್ತಲೆಯಾದ ತುದಿಗೆ ಟೇಪು ಸುತ್ತಿ, ಉಪ್ಪಿನಂಗಡಿಯವರೆಗೂ ಮೂಗನ್ನು ಜಾಗ್ರತವಾಗಿಟ್ಟುಕೊಂಡು ಗಾಡಿ ನಡೆಸಿದೆನು.

ಊರಿಗೆ ಮರಳಿದ ಮೇಲೆ ಹಗಲ ಬೆಳಕಿನಲ್ಲಿ ನೋಡಲಾಗಿ, ಆ ಹುಡುಗನು ಇಗ್ನಿಷನ್ ಸ್ವಿಚ್ಚಿನ ಹಿಂದಿನ ದಪ್ಪನಾದ ತಂತಿಯೊಂದರ ಹೊದಿಕೆಯನ್ನು ಸುಲಿದು, ಅದಕ್ಕೆ ಕೂದಲೆಳೆಗಿಂತ ಸ್ವಲ್ಪವೇ ಗಟ್ಟಿಯಾದ ತೆಳುತಂತಿಯನ್ನು ಹೊಸೆದು, ಮೇಲೆ ಕರಿಯ ಟೇಪನ್ನು ಸುತ್ತಿದ್ದನು. ಕಾವಿಗೆ ಟೇಪಿನ ಅಂಟು ಕರಗಿ ಜಾರಿತ್ತು. ತೆಳುತಂತಿಯು ಡ್ಯಾಶ್‌ಬೋರ್ಡಿನೊಳಗಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಹೊದಿಕೆಯನ್ನು ಕಳೆದುಕೊಂಡು, ಗಾಡಿಯ ಮೈಯನ್ನು ತಾಗಿಯೂ ತಾಗದಂತೆ ನೇತಾಡುತ್ತಿತ್ತು. ದಪ್ಪತಂತಿಯನ್ನು ಕಾಯುತ್ತಿದ್ದ ಫ್ಯೂಸು ಹಸಿರು ಬಣ್ಣದ್ದು, ಎಂದರೆ 30 ಆಂಪಿಯರಿನದು, ಅದು ಸುಟ್ಟಿರಲಿಲ್ಲ. ನನಗೆ ಆಶ್ಚರ್ಯವಾದದ್ದು ಇಲ್ಲಿ. ಹೊಗೆಯಾಡುವ ಮಟ್ಟಿಗೆ ತಂತಿ ಬೆಂದಿದೆ, ಫ್ಯೂಸು ಮಾತ್ರ ಏನೂ ಅರಿಯದಂತೆ ತಣ್ಣಗೆ ಕೂತಿದೆ!

ಮ್ಯಾಂಚೆಸ್ಟರಿನ ಸಮೀಪ ಬಿಯರು ತಯಾರಿಸುವ ಮನೆತನದಲ್ಲಿ ಹುಟ್ಟಿದ ಜೌಲ್ ಎಂಬ ವಿಜ್ಞಾನಿ 1841ರಲ್ಲಿ ಪ್ರಕಟಿಸಿದ ನಿಯಮದಂತೆ, ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಆ ತೆಳುತಂತಿಯನ್ನು ಬೇಯಿಸುವುದಕ್ಕೆ ಹತ್ತು ಹನ್ನೆರಡು ಆಂಪಿಯರು ಧಾರಾಳವಾಗಿ ಸಾಕು. ಹಸಿರು ಫ್ಯೂಸು ಕರಗಬೇಕಾದರೆ ಮೂವತ್ತನ್ನು ದಾಟಬೇಕು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಗಾಡಿಗಳು ಹೊತ್ತಿಕೊಳ್ಳುವುದು. ಫ್ಯೂಸು ಇರುವುದು ದೂರವಾಣಿಯನ್ನೋ ರೇಡಿಯೊವನ್ನೋ ಕಾಪಾಡುವುದಕ್ಕೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಕಾಯುವುದು ಪ್ರಧಾನವಾಗಿ ತನ್ನಿಂದ ಮುಂದಕ್ಕೆ ಹೋಗುವ ತಂತಿಯನ್ನು. ಆದುದರಿಂದ ತಂತಿ ಎಲ್ಲಿ ಕಿರಿದಾಗುತ್ತದೆಯೋ ಅಲ್ಲಿಯೇ, ಆ ಕಿರಿತಂತಿಗೆ ತಕ್ಕ ಕಿರಿಫ್ಯೂಸು ಇರತಕ್ಕದ್ದು. ಮಾರಾಟಗಾರರು ಹೊಗಳುವ ನೀಲಿ ದೀಪ, ವೋಲ್ಟೇಜು ತೋರಿಸುವ ಪುಟ್ಟ ಅಂಕಿಗಳು, ಕ್ಷಿಪ್ರ ಚಾರ್ಜಿಂಗಿನ ಬಿರುದಾವಳಿ ಇವೆಲ್ಲಕ್ಕಿಂತಲೂ ಕೆಲವೇ ರೂಪಾಯಿ ಬೆಲೆಯ ಆ ಚೂರು ಈ ಇಡೀ ಕಾರ್ಯದಲ್ಲಿ ಹೆಚ್ಚು ಮುಖ್ಯವಾದದ್ದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಈ ಸಲ ನಾನೇ ಮಾಡುವುದೆಂದು ಸಂಕಲ್ಪಿಸಿದೆನು.

ಲೈಟರಿನ ಗೂಡನ್ನು ಹಾಕಿಸಿ, ಅದಕ್ಕೆ ಸಿಕ್ಕಿಸುವ ಚಾರ್ಜರನ್ನು ಕೊಂಡರೆ ಸುಲಭವಲ್ಲವೆ ಎಂದು ಗೆಳೆಯರೊಬ್ಬರು ಕೇಳಿದರು. ಸುಲಭವೇನೋ ಹೌದು; ಆದರೆ ಆ ಗೂಡನ್ನು ರೂಪಿಸಿದ್ದು ಬೇರೊಂದು ಕಾರ್ಯಕ್ಕೆ. ಒತ್ತಿದ ಗುಂಡಿಯ ತುದಿಯಲ್ಲಿನ ಸುರುಳಿತಂತಿ ಸುಮಾರು ಹತ್ತು ಆಂಪಿಯರಿನಷ್ಟು ಪ್ರವಾಹವನ್ನು ಹೀರಿ ಕೆಂಪಾಗುವವರೆಗೆ, ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಅದನ್ನು ಹಿಡಿದುಕೊಂಡಿದ್ದು, ಕಾದು ಬಾಗಿದೊಡನೆ ಬಿಟ್ಟುಬಿಡುತ್ತದೆ. ಗುಂಡಿ ಟಕ್ಕೆಂದು ಹೊರಕ್ಕೆ ನೆಗೆಯುತ್ತದೆ. ಕೆಲವೇ ಕ್ಷಣಗಳ ಈ ಕೆಲಸಕ್ಕೆ ಹೇಳಿಮಾಡಿಸಿದ ಗೂಡಿನಲ್ಲಿ, ಗಂಟೆಗಟ್ಟಲೆ ಕುಳಿತಿರಬೇಕಾದ ಚಾರ್ಜರು ನಮ್ಮ ರಸ್ತೆಗಳ ಕುಲುಕಾಟಕ್ಕೆ ಸಡಿಲವಾಗುವುದೂ, ಸಡಿಲವಾದ ಸ್ಪರ್ಶದಲ್ಲಿ ಶಾಖ ಹುಟ್ಟುವುದೂ ಅನಿವಾರ್ಯ. ಅಡುಗೆಯ ಒಲೆಯ ಮೇಲೆ ಹಾಸಿಗೆ ಹಾಸಿದಂತೆಯೇ ಸರಿ.

ಡ್ಯಾಶ್‌ಬೋರ್ಡಿನಲ್ಲಿಯೇ ಸ್ಥಿರವಾಗಿ ಕೂರುವ ಯುಎಸ್‌ಬಿ ಸಾಕೆಟ್ಟು ಇದಕ್ಕಿಂತ ಮೇಲು. ಬರೋಡೆಯಲ್ಲಿ ವ್ಯಾಸಂಗ ಮಾಡಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಅವರೂ ಇಂಟೆಲ್‌ನ ಅವರ ಸಹೋದ್ಯೋಗಿಗಳೂ ಈ ಯುಎಸ್‌ಬಿಯ ಕಲ್ಪನೆಯನ್ನು ಮುಂದಿಟ್ಟಾಗ, ಗಣಕಯಂತ್ರದ ಬೆನ್ನಿನಲ್ಲಿ ಬಗೆಬಗೆಯ ಆಕಾರದ ಸಾಕೆಟ್ಟುಗಳ ಗೊಂದಲವನ್ನು ನಿವಾರಿಸುವುದೇ ಅವರ ಉದ್ದೇಶವಾಗಿತ್ತು. 1996ರಲ್ಲಿ ಪ್ರಕಟವಾದ ಆ ವ್ಯವಸ್ಥೆ 5 ವೋಲ್ಟಿನಲ್ಲಿ ಅರ್ಧ ಆಂಪಿಯರನ್ನು, ಎಂದರೆ ಎರಡೂವರೆ ವಾಟನ್ನು ಕೊಟ್ಟು ತೃಪ್ತವಾಗಿತ್ತು. ಈಗಿನ ದೂರವಾಣಿಗಳೋ ಹದಿನೆಂಟು, ಇಪ್ಪತ್ತೈದು ವಾಟಿಗೂ ಸಾಲದೆಂದು ಮುಖ ಗಂಟಿಕ್ಕುತ್ತವೆ. ಗಾಡಿಯ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದಕ್ಕೂ 2.1 ವೋಲ್ಟಿನಂತೆ ಒಟ್ಟು 12.6, ಎಂಜಿನ್ನು ಓಡುತ್ತಿರುವಾಗ ಆಲ್ಟರ್ನೇಟರು ಅದನ್ನು ಹದಿನಾಲ್ಕರ ಆಸುಪಾಸಿಗೆ ಏರಿಸುತ್ತದೆ. ಇಷ್ಟನ್ನು ಇಳಿಸಿ, ದೂರವಾಣಿ ಬೇಡಿದಷ್ಟನ್ನೇ ಉಣಿಸುವ ಪುಟ್ಟ ಪರಿವರ್ತಕ ಸಾಕೆಟ್ಟಿನ ಬೆನ್ನಿನಲ್ಲಿಯೇ ಅಡಗಿರುತ್ತದೆ. ನಾನು ಆರಿಸಿಕೊಂಡದ್ದು ಎರಡು ಬಾಯಿಯದು, ಒಟ್ಟು 36 ವಾಟು. ಹನ್ನೆರಡರಿಂದ ಭಾಗಿಸಿದರೆ ಮೂರು ಆಂಪಿಯರು. ಪರಿವರ್ತನೆಯಲ್ಲಿ ಸೋರುವುದನ್ನು ಸೇರಿಸಿದರೆ ಮೂರೂವರೆ. ಅದಕ್ಕೆ 5 ಆಂಪಿಯರಿನ ಫ್ಯೂಸು, ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ. ಲೆಕ್ಕ ಇಷ್ಟೆ, ಏಳನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು. ಆದರೂ ನಮ್ಮಲ್ಲಿ ಈ ಲೆಕ್ಕವನ್ನು ಮಾಡದೆ ಬೆಸೆದ ತಂತಿಗಳು ಎಷ್ಟು ಗಾಡಿಗಳಲ್ಲಿ ಓಡಾಡುತ್ತಿವೆಯೋ!

ಬೆಂಗಳೂರಿನಲ್ಲಿರುವವನಿಗೆ ಸಾಮಗ್ರಿಗಳ ಚಿಂತೆಯಿಲ್ಲ. ಸಾಕೆಟ್ಟು ಜೆ.ಸಿ. ರಸ್ತೆಯಲ್ಲಿ ದೊರೆಯಿತು, ತಂತಿ, ಅದರ ತುದಿಗೆ ಬಿಗಿಯುವ ಲಗ್ಗು, ಕಾಯಿಸಿದರೆ ಮುದುರಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆ, ಒಂದು ಮಲ್ಟಿಮೀಟರು ಇವೆಲ್ಲ ಎಸ್.ಪಿ. ರಸ್ತೆಯಲ್ಲಿ. ಫ್ಯೂಸ್ ಟ್ಯಾಪ್ ಎಂಬ ಒಂದು ಚಿಕ್ಕ ಉಪಕರಣವನ್ನು ಮಾತ್ರ ನಾಲ್ಕು ಅಂಗಡಿ ಹತ್ತಿಳಿದು ಹುಡುಕಬೇಕಾಯಿತು. ಮೂರು ಕಡೆ, "ಅದೆಲ್ಲ ಯಾಕೆ ಸಾರ್, ಡೈರೆಕ್ಟ್ ಕೊಟ್ಬಿಡಿ" ಎಂಬ ಸದುಪದೇಶ ದೊರೆಯಿತು.

ಭಾನುವಾರ ಬೆಳಗ್ಗೆ ಕಾಫಿಯಾದ ಮೇಲೆ ಕೆಲಸಕ್ಕೆ ತೊಡಗಿದೆನು. ಮೊದಲ ಕರ್ತವ್ಯ, ಹತ್ತನೆಯ ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ಋಣಧ್ರುವದ ತಂತಿಯನ್ನು ಕಳಚುವುದು. ಋಣವನ್ನೇ ಏಕೆ ಮೊದಲು ಕಳಚಬೇಕೆಂದರೆ, ಗಾಡಿಯ ಇಡೀ ಲೋಹದ ಮೈ ಋಣಧ್ರುವಕ್ಕೆ ಅಂಟಿಕೊಂಡಿರುವುದರಿಂದ, ಧನಧ್ರುವವನ್ನು ಬಿಚ್ಚುವಾಗ ಸ್ಪ್ಯಾನರು ಜಾರಿ ಮೈಯನ್ನು ತಾಗಿದರೆ ಕಿಡಿಗಳ ದೀಪಾವಳಿಯಾದೀತು. ಅನಂತರ ಪ್ಲಾಸ್ಟಿಕ್ಕಿನ ಫಲಕಗಳು. ಇಪ್ಪತ್ತು ವರ್ಷದ ಬಿಸಿಲುಂಡ ಪ್ಲಾಸ್ಟಿಕ್ಕು ಹಪ್ಪಳದಂತೆ. ಅದರ ಕ್ಲಿಪ್ಪುಗಳು ಯಾವ ದಿಕ್ಕಿನಿಂದ ಒಳಹೊಕ್ಕಿವೆಯೋ ಅದೇ ದಿಕ್ಕಿನಲ್ಲಿ ಎಳೆದರೆ ಮಾತ್ರ ಬಿಡುತ್ತವೆ, ಓರೆಯಾಗಿ ಎಳೆದರೆ ಮುರಿಯುತ್ತವೆ. ಗಾಡಿಯನ್ನು ಒಂದು ಗಂಟೆ ಎಳೆಬಿಸಿಲಿನಲ್ಲಿ ನಿಲ್ಲಿಸಿ ಫಲಕಗಳನ್ನು ಬೆಚ್ಚಗಾಗಿಸಿದೆನು. ಸ್ಕ್ರೂಡ್ರೈವರಿನಿಂದ ಮೀಟಿದರೆ ಗೀರು ಬೀಳುವುದೆಂದು, ಅಡುಗೆಮನೆಯಿಂದ ಮರದ ಮಗುಚುವ ಕೈಯೊಂದನ್ನು ತಂದು, ಅದಕ್ಕೆ ಬಟ್ಟೆ ಸುತ್ತಿ ಮೀಟಿದೆನು. "ಅದಿನ್ನು ಒಳಗೆ ಬರೋದು ಬೇಡ, ಕಾರಲ್ಲೇ ಇಟ್ಕೊಳಿ" ಎಂದು ಮನೆಯವಳು ಬಾಗಿಲಿನಿಂದಲೇ ತೀರ್ಪು ಕೊಟ್ಟಳು. ಈಗಲೂ ಅದು ಡಿಕ್ಕಿಯಲ್ಲಿದೆ.

ಫಲಕ ಸರಿದೊಡನೆ, ನಾನು ಇಷ್ಟು ವರ್ಷ ಎದುರಿಗೆ ಕುಳಿತಿದ್ದೂ ಕಾಣದಿದ್ದ ಲೋಕವೊಂದು ತೆರೆದುಕೊಂಡಿತು. ಬಣ್ಣಬಣ್ಣದ ತಂತಿಗಳ ಜಡೆ, ಧೂಳು, ಯಾವ ಕಾಲದ್ದೋ ಒಂದು ಎಂಟಾಣೆ, ಒಣಗಿದ ಹೂವಿನ ಎಸಳು. ಈ ಜಡೆಯಲ್ಲಿ ನನ್ನ ಸಾಕೆಟ್ಟಿಗೆ ಆಹಾರ ಯಾವ ಎಳೆಯಿಂದ ಬರಬೇಕು? ಕೆಲಸದ ಮರ್ಮ ಇರುವುದು ಈ ಪ್ರಶ್ನೆಯಲ್ಲಿಯೇ. ಗಾಡಿಯ ತಂತಿಗಳಲ್ಲಿ ಕೆಲವು ಹಗಲಿರುಳೂ ಜೀವಂತವಾಗಿರುವಂತಹವು. ಕೆಲವು ಕೀಲಿಯು ಎಸಿಸಿ ಎಂಬ ಸ್ಥಾನಕ್ಕೆ ತಿರುಗಿದಾಗ ಮಾತ್ರ ಎಚ್ಚರಗೊಳ್ಳುವಂತಹವು. ಸದಾ ಜೀವಂತವಾದ ತಂತಿಗೆ ಸಾಕೆಟ್ಟನ್ನು ಬೆಸೆದರೆ, ದೂರವಾಣಿಯನ್ನು ಸಿಕ್ಕಿಸದಿರುವಾಗಲೂ ಅದರ ನೀಲಿ ದೀಪವೂ ಪರಿವರ್ತಕವೂ ಹತ್ತು ಮಿಲಿಆಂಪಿಯರಿನಷ್ಟನ್ನಾದರೂ ಹೀರುತ್ತಿರುತ್ತವೆಯೆಂದುಕೊಳ್ಳಿ. ದಿನಕ್ಕೆ ಕಾಲು ಆಂಪಿಯರ್-ಗಂಟೆ. ತಿಂಗಳಿಗೆ ಏಳಕ್ಕೂ ಮೇಲು. ಈ ಪುಟ್ಟ ಗಾಡಿಯ ಬ್ಯಾಟರಿಯ ಧಾರಣಶಕ್ತಿ ಮೂವತ್ತೈದರ ಆಸುಪಾಸು. ಹಬ್ಬಕ್ಕೆ ಊರಿಗೆ ಹೋಗಿ ಬಂದವನು ಗಾಡಿಯನ್ನು ತಳ್ಳಿ ಹೊರಡಿಸಬೇಕಾದ ಪ್ರಸಂಗದ ಮೂಲ ಇಂತಹ ದೀಪಗಳೇ ಆಗಿರುವುದುಂಟು. ಮಲ್ಟಿಮೀಟರಿನ ಕರಿಯ ಕಡ್ಡಿಯನ್ನು ಗಾಡಿಯ ಮೈಗೆ, ಕೆಂಪುಕಡ್ಡಿಯನ್ನು ಫ್ಯೂಸಿನ ಬೆನ್ನಿಗೆ ತಾಗಿಸಿ, ಬ್ಯಾಟರಿಯನ್ನು ಸ್ವಲ್ಪ ಕಾಲ ಮತ್ತೆ ಜೋಡಿಸಿಕೊಂಡು, ಕೀಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಲಾಗಿ, ರೇಡಿಯೊದ ಫ್ಯೂಸು ನನಗೆ ಬೇಕಾದ ಸ್ವಭಾವದ್ದೆಂದು ಖಚಿತವಾಯಿತು.

ಆ ಫ್ಯೂಸನ್ನು ಕಿತ್ತು, ಅದರ ಜಾಗದಲ್ಲಿ ಟ್ಯಾಪನ್ನು ಕೂರಿಸಬೇಕು. ಟ್ಯಾಪಿನಲ್ಲಿ ಎರಡು ಫ್ಯೂಸುಗಳಿಗೆ ಸ್ಥಳವಿದೆ: ಒಂದು ಮೊದಲಿನ ರೇಡಿಯೊಗೆ, ಮತ್ತೊಂದು ಹೊಸ ಸಾಕೆಟ್ಟಿಗೆ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವುಂಟು. ಫ್ಯೂಸಿನ ಎರಡು ಸೀಳುಗಳಲ್ಲಿ ಒಂದಕ್ಕೆ ಬ್ಯಾಟರಿಯ ಕಡೆಯಿಂದ ಪ್ರವಾಹ ಬರುತ್ತದೆ, ಇನ್ನೊಂದರಿಂದ ರೇಡಿಯೊಗೆ ಹೋಗುತ್ತದೆ. ಟ್ಯಾಪಿನ ಎರಡು ಫ್ಯೂಸುಗಳಿಗೂ ಸಾಮಾನ್ಯವಾದ ಕಾಲು ಪ್ರವಾಹ ಬರುವ ಸೀಳಿನಲ್ಲಿಯೇ ಕೂರಬೇಕು. ತಿರುಗುಮುರುಗಾಗಿ ಕೂರಿಸಿದರೂ ಸಾಕೆಟ್ಟು ಕೆಲಸ ಮಾಡುತ್ತದೆ, ದೀಪ ಬೆಳಗುತ್ತದೆ. ಆದರೆ ಆಗ ಸಾಕೆಟ್ಟಿನ ಪ್ರವಾಹವೂ ರೇಡಿಯೊದ ಫ್ಯೂಸಿನ ಮೂಲಕವೇ ಹಾದುಹೋಗಿ, ಇಬ್ಬರು ಹೊರಬೇಕಾದ ಹೊರೆಯನ್ನು ಸೇರಿಸಿ ಒಬ್ಬನ ತಲೆಗೇ ಹೊರಿಸಿದಂತಾಗುತ್ತದೆ. ಕಿತ್ತ ಫ್ಯೂಸಿನ ಸೀಳುಗಳನ್ನು ಮೀಟರಿನಿಂದ ಮುಟ್ಟಿ ನೋಡಿದರೆ, ಯಾವುದರಲ್ಲಿ ಹನ್ನೆರಡು ವೋಲ್ಟು ಕಾಣುತ್ತದೆಯೋ ಅದೇ ಆಗಮನದ ಬಾಗಿಲು. ಐದು ಆಂಪಿಯರಿನ ಫ್ಯೂಸು ತಿಳಿಗಂದು ಬಣ್ಣದ್ದು. ಹತ್ತು ಕೆಂಪು, ಹದಿನೈದು ನೀಲಿ, ಇಪ್ಪತ್ತು ಹಳದಿ. ಒಂದು ಸಲ ಕಣ್ಣಿಗೆ ಅಭ್ಯಾಸವಾದರೆ ಅಂಕಿಯನ್ನು ಓದುವ ಅಗತ್ಯವೇ ಬೀಳದು.

ಇನ್ನು ಆ ರಂಧ್ರ. ಕುರುಡು ಮುಚ್ಚಳದ ಕಿಂಡಿ ಇಪ್ಪತ್ತೊಂದು ಮಿಲಿಮೀಟರು, ಸಾಕೆಟ್ಟಿಗೆ ಬೇಕಾದದ್ದು ಇಪ್ಪತ್ತೊಂಬತ್ತು. ಹೋಲ್ ಸಾ ಎಂಬ ಬಟ್ಟಲಿನಾಕಾರದ ಗರಗಸವನ್ನು ನೆರೆಯವರಿಂದ ಎರವಲು ತಂದಿದ್ದೆನು. ಹಿಂದೆ ತಂತಿಯಾಗಲಿ ಕೊಳವೆಯಾಗಲಿ ಇಲ್ಲವೆಂದು ಕೈಯಿಂದ ತಡವಿ ದೃಢಪಡಿಸಿಕೊಂಡು, ಫಲಕವನ್ನು ಪೂರ್ತಿಯಾಗಿ ಹೊರತೆಗೆದು, ಹಿಂಬದಿಗೆ ಮರದ ಹಲಗೆಯ ಆಸರೆ ಕೊಟ್ಟು, ನಾನು ಮೇಲೆ ಹೇಳಿದ ಪ್ರದಕ್ಷಿಣೆಯನ್ನೂ ಮುಗಿಸಿ, ಕೊನೆಗೂ ಯಂತ್ರದ ಗುಂಡಿಯನ್ನೊತ್ತಿದೆನು. ಅರ್ಧ ನಿಮಿಷದ ಕೆಲಸ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದಕ್ಕೆ ಹಿಡಿದದ್ದು ಹತ್ತು ನಿಮಿಷ. ರಂಧ್ರ ಎಡಕ್ಕೆ ಒಂದು ಮಿಲಿಮೀಟರಿನಷ್ಟು ಸರಿದಿದೆ. ಸಾಕೆಟ್ಟಿನ ಅಂಚು ಅದನ್ನು ಮುಚ್ಚಿರುವುದರಿಂದ ನನ್ನನ್ನುಳಿದು ಯಾರಿಗೂ ಕಾಣದು, ಆದರೆ ಆಸನದಲ್ಲಿ ಕುಳಿತಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ತಂತಿಗಳನ್ನು ಹೊಸೆದು ಟೇಪು ಸುತ್ತುವ ಪದ್ಧತಿಗೆ ನಾನು ಗುಂಡ್ಯದಲ್ಲಿಯೇ ತಿಲಾಂಜಲಿ ಕೊಟ್ಟಿದ್ದೆನು. ಲಗ್ಗುಗಳನ್ನು ಇಕ್ಕಳದಿಂದ ಬಿಗಿದು, ಮೇಲೆ ಕೊಳವೆಯನ್ನೆಳೆದು, ಊದುಬತ್ತಿ ಹಚ್ಚುವ ಲೈಟರಿನಿಂದ ಕಾಯಿಸಿದೆನು. ಧನದ ತಂತಿ ಟ್ಯಾಪಿಗೆ ಹೋಯಿತು. ಋಣದ ತಂತಿಯನ್ನು ಎಲ್ಲಿಯೋ ಒಂದು ಸ್ಕ್ರೂಗೆ ಸಿಕ್ಕಿಸಿದರೆ ಸಾಲದು. ಆ ಸ್ಕ್ರೂ ಬಣ್ಣವಿಲ್ಲದ ಲೋಹವನ್ನು ಕಚ್ಚಿರಬೇಕು. ಮೊದಲು ಆರಿಸಿದ ಸ್ಕ್ರೂ ಬಣ್ಣ ಬಳಿದ ಆಧಾರಪಟ್ಟಿಯದಾಗಿದ್ದು, ಅಲ್ಲಿ ಪ್ರವಾಹ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಉಪ್ಪುಕಾಗದದಿಂದ ಬಣ್ಣ ಉಜ್ಜಿದ ಮೇಲೆ ಸ್ಥಿರವಾಯಿತು. ಎರಡು ತಂತಿಗಳನ್ನೂ ತಗಡಿನ ಅಂಚುಗಳಿಂದ ದೂರವಾಗಿ, ಸ್ಟಿಯರಿಂಗಿನ ಕೀಲುಗಳಿಗೂ ಪೆಡಲುಗಳಿಗೂ ಸಿಕ್ಕದಂತೆ, ಮೊದಲೇ ಇದ್ದ ಜಡೆಯ ಜೊತೆಗೆ ಸೇರಿಸಿ ಪ್ಲಾಸ್ಟಿಕ್ ದಾರದಿಂದ ಕಟ್ಟಿದೆನು. ಹೊಸ ಗಾಡಿಗಳನ್ನುಳ್ಳವರು ಇಲ್ಲಿ ನನಗಿಂತ ಹೆಚ್ಚು ಜಾಗರೂಕರಾಗಿರಬೇಕು: ಹಳದಿಯ ಹೊದಿಕೆಯಲ್ಲಿಯೋ ಹಳದಿಯ ಕನೆಕ್ಟರಿನಲ್ಲಿಯೋ ಬರುವ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವುಗಳ ಹತ್ತಿರಕ್ಕೆ ಹವ್ಯಾಸಿಯ ಕೈ ಹೋಗತಕ್ಕದ್ದಲ್ಲ. ಕಂಪೆನಿಯ ವಾರಂಟಿ ಇನ್ನೂ ಉಳಿದಿದ್ದರೆ, ಮೂಲ ತಂತಿಯನ್ನು ಕತ್ತರಿಸಿದ್ದೇ ಅದನ್ನು ನಿರಾಕರಿಸುವುದಕ್ಕೆ ನೆಪವಾದೀತು; ಟ್ಯಾಪಿನಲ್ಲಿ ಕತ್ತರಿಸುವ ಪ್ರಮೇಯವೇ ಇಲ್ಲ.

ಕಾನೂನಿನ ಮಾತೊಂದನ್ನು ಕೆಲವರು ಕೇಳುವುದುಂಟು. ನೋಂದಣಿಪತ್ರದ ವಿವರಗಳು ನಿರ್ಮಾಪಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಹೇಳಿದೆ. ಗಾಜಿಗೆ ಕಪ್ಪು ಫಿಲ್ಮನ್ನು ಅಂಟಿಸುವುದನ್ನು 2012ರಲ್ಲಿಯೇ ನಿಷೇಧಿಸಿತ್ತು. ಯುಎಸ್‌ಬಿ ಸಾಕೆಟ್ಟಿನ ಪ್ರಸ್ತಾಪ ನೋಂದಣಿಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ.

ಬ್ಯಾಟರಿಯನ್ನು ಮರಳಿ ಜೋಡಿಸಿ, ಕೀಲಿಯನ್ನು ಎಸಿಸಿಗೆ ತಿರುಗಿಸಿದಾಗ ಸಾಕೆಟ್ಟಿನ ಅಂಕಿ 12.4 ಎಂದು ಬೆಳಗಿತು. ಎಂಜಿನ್ನನ್ನು ಹೊರಡಿಸುವ ಕ್ಷಣದಲ್ಲಿ ಅದು ಫಕ್ಕನೆ ಆರಿದುದನ್ನು ಕಂಡು ಎದೆ ಧಸಕ್ಕೆಂದಿತು. ಸ್ಟಾರ್ಟರು ತಿರುಗುವ ಆ ಒಂದೆರಡು ಕ್ಷಣ ಎಸಿಸಿಯ ತಂತಿಗೆ ಪ್ರವಾಹವನ್ನು ನಿಲ್ಲಿಸುವುದು ಸ್ವಿಚ್ಚಿನ ಸಹಜಧರ್ಮವೆಂಬುದು ಅನಂತರ ನೆನಪಾಯಿತು. ಎಂಜಿನ್ನು ಹಿಡಿದುಕೊಂಡ ಮೇಲೆ ಅಂಕಿ 14.1ಕ್ಕೆ ಏರಿ ನಿಂತಿತು. ಎರಡು ದೂರವಾಣಿಗಳನ್ನು ಅರ್ಧ ಗಂಟೆ ಸಿಕ್ಕಿಸಿಟ್ಟು, ಫ್ಯೂಸಿನಿಂದ ಸಾಕೆಟ್ಟಿನವರೆಗಿನ ತಂತಿಯನ್ನೂ ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದೆನು. ಎಲ್ಲಿಯೂ ಬೆಚ್ಚಗಾಗಿರಲಿಲ್ಲ. ಆಮೇಲಷ್ಟೇ ಫಲಕಗಳನ್ನು ಮುಚ್ಚಿದೆನು. ಒಂದು ಕ್ಲಿಪ್ಪು ಮುರಿದಿದ್ದರಿಂದ ಬಲಮೂಲೆಯ ಫಲಕ ಈಗಲೂ ಸ್ವಲ್ಪ ಕಿರುಗುಟ್ಟುತ್ತದೆ.

ಸಾಮಗ್ರಿಗೆ ತಗುಲಿದ್ದು, ಮಲ್ಟಿಮೀಟರನ್ನು ಬಿಟ್ಟು, ಸಾವಿರ ರೂಪಾಯಿಯ ಒಳಗೆ. ಆ ಬಳಿಕ ಎರಡು ಮಳೆಗಾಲಗಳಲ್ಲಿ ಶಿರಾಡಿಯನ್ನು ಐದು ಸಲ ಹತ್ತಿಳಿದಿದ್ದೇವೆ. ಅತ್ತೆಯವರು ಈಗ ಮುಂದಿನ ಆಸನದಲ್ಲಿಯೇ ಕುಳಿತು, ಗುಂಡ್ಯ ಬಂದಾಗ ಒಮ್ಮೆ ಮೂಗನ್ನು ಮೇಲೆತ್ತಿ ನೋಡುತ್ತಾರೆ. ಹೆಚ್ಚುವರಿಯಾಗಿ ತಂದ ಎರಡು ತಿಳಿಗಂದು ಫ್ಯೂಸುಗಳು ಬೂದಿತಟ್ಟೆಯಲ್ಲಿವೆ. ಇದುವರೆಗೆ ಒಂದನ್ನೂ ಬದಲಾಯಿಸಬೇಕಾಗಿ ಬಂದಿಲ್ಲ.